ಹವೆ ಕೆಟ್ಟ ದಿನ ಮನೆಯ ಯಾವ ಗಾಡಿ ಹೊರಗೆ ತೆಗೆಯಬೇಕು?

ಮನೆ ಮುಂದೆ ಒಂದು ಸ್ಕೂಟರ್, ಒಂದು ಹಳೆಯ ಸಣ್ಣ ಕಾರು, ಒಂದು ಎತ್ತರದ ಎಸ್‌ಯುವಿ. ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ. ಕೆಲಸ ಮುಂದಕ್ಕೆ ಹಾಕುವಂಥದ್ದಲ್ಲ. ಬಾಗಿಲ ಪಕ್ಕದ ಮೊಳೆಗೆ ಮೂರು ಕೀ ನೇತಾಡುತ್ತಿವೆ. ಯಾವುದಕ್ಕೆ ಕೈ ಹಾಕಬೇಕು? ಒಂದಕ್ಕಿಂತ ಹೆಚ್ಚು ಗಾಡಿ ಇರುವ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಬಹಳ ಮನೆಗಳಲ್ಲಿ ಉತ್ತರ ತಯಾರೇ ಇರುತ್ತದೆ: "ದೊಡ್ಡದನ್ನೇ ತಗೊಂಡು ಹೋಗು." ನಾನೂ ವರ್ಷಗಟ್ಟಲೆ ಅದನ್ನೇ ನಂಬಿದ್ದೆ. ಒಂದು ಸಂಜೆ ಆ ನಂಬಿಕೆ ಹೋಯಿತು. ನಮ್ಮ ಎಸ್‌ಯುವಿಯ ಟೈರುಗಳು ಸವೆದಿದ್ದವು. ಬದಲಿಸಬೇಕು ಎಂದು ಎರಡು ತಿಂಗಳಿಂದ ಹೇಳಿಕೊಳ್ಳುತ್ತಲೇ ಇದ್ದೆ. ಸಣ್ಣ ಕಾರಿಗೆ ಹೊಸ ಟೈರು ಹಾಕಿಸಿ ಆಗಿತ್ತು. ಮಳೆ ಜೋರಾಗಿದೆಯಲ್ಲ ಎಂದು ಎಸ್‌ಯುವಿ ತೆಗೆದೆ. ನೇರ ರಸ್ತೆ, ಗಂಟೆಗೆ ಎಂಬತ್ತು ಕಿಲೋಮೀಟರ್ ಇದ್ದಿರಬೇಕು. ಟೈರಿನ ಅಡಿಯಿಂದ ಬರುತ್ತಿದ್ದ ಜರ್ರ್ ಎಂಬ ಸದ್ದು ತಟ್ಟನೆ ನಿಂತಿತು. ಸ್ಟಿಯರಿಂಗ್ ಹಗುರಾಯಿತು, ಅದಕ್ಕೂ ಚಕ್ರಕ್ಕೂ ಸಂಬಂಧವೇ ಇಲ್ಲವೆನ್ನುವ ಹಾಗೆ. ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲು ಎತ್ತಿ, ಸ್ಟಿಯರಿಂಗ್ ನೇರವಾಗಿ ಹಿಡಿದುಕೊಂಡೆ. ಎರಡು ಸೆಕೆಂಡು ಕಳೆದ ಮೇಲೆ ಒಂದು ಸಣ್ಣ ಜಗ್ಗಿನೊಂದಿಗೆ ಹಿಡಿತ ವಾಪಸ್ ಬಂತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಯಲ್ಲಿದ್ದಳು. ಅವಳಿಗೆ ಎಚ್ಚರವೂ ಆಗಲಿಲ್ಲ.

ಅವತ್ತು ಸರಿಯಾದ ಗಾಡಿ ಮನೆಯಲ್ಲೇ ನಿಂತಿತ್ತು. ಅಂದಿನಿಂದ ನಾನು ಗಾಡಿಯ ಗಾತ್ರ ನೋಡಿ ಕೀ ತೆಗೆಯುವುದನ್ನು ಬಿಟ್ಟಿದ್ದೇನೆ.

ಯಾವುದನ್ನು ನೋಡಿ ತೀರ್ಮಾನಿಸಬೇಕು

ನಾನು ಐದು ವಿಷಯ ನೋಡುತ್ತೇನೆ: ಟೈರಿನ ಹಿಡಿತ, ಕಣ್ಣಿಗೆ ಎಷ್ಟು ಕಾಣುತ್ತದೆ, ಬ್ರೇಕು ಮತ್ತು ಗಾಡಿಯನ್ನು ನೆಟ್ಟಗಿಡುವ ವ್ಯವಸ್ಥೆ, ನೆಲದಿಂದ ಎತ್ತರ, ಓಡಿಸುವವರ ಕೈಗೆ ಆ ಗಾಡಿ ಎಷ್ಟು ಪಳಗಿದೆ. ಬರೆದ ಕ್ರಮದಲ್ಲೇ ಮಹತ್ವ. ಎತ್ತರ ನಾಲ್ಕನೆಯದು ಎಂಬುದನ್ನು ಗಮನಿಸಿ. ಹೆಚ್ಚಿನವರು ಅದನ್ನೇ ಮೊದಲು ನೋಡುತ್ತಾರೆ.

ಟೈರಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಉಳಿದೆಲ್ಲ ಅದರ ಮೇಲೆಯೇ ನಿಂತಿದೆ. ಕಾರು ಎಷ್ಟೇ ದೊಡ್ಡದಿರಲಿ, ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ. ಒಂದೊಂದು ಟೈರಿಗೆ ಸುಮಾರು ಒಂದೊಂದು ಅಂಗೈ. ಅಷ್ಟರಲ್ಲೇ ಗಾಡಿ ನಿಲ್ಲಬೇಕು, ತಿರುಗಬೇಕು, ಅಡಿಗೆ ಸಿಕ್ಕಿದ ನೀರನ್ನೂ ಪಕ್ಕಕ್ಕೆ ತಳ್ಳಬೇಕು. ನೀರು ತಳ್ಳುವ ಕೆಲಸ ಟೈರಿನ ಮೇಲಿನ ಗೆರೆಗಳದ್ದು. ಹೊಸ ಕಾರು ಟೈರಿನಲ್ಲಿ ಅವುಗಳ ಆಳ ಸುಮಾರು 8 ಮಿ.ಮೀ. ಹಲವು ದೇಶಗಳ ಕಾನೂನು 1.6 ಮಿ.ಮೀ.ವರೆಗೆ ಸವೆಯಲು ಬಿಡುತ್ತದೆ. ಆದರೆ ಮಳೆಗೆ ಅಷ್ಟು ಸಾಲದು. 3 ಮಿ.ಮೀ.ಗಿಂತ ಕೆಳಗಿಳಿದ ಟೈರನ್ನು ನಾನು ಮಳೆಯ ಟೈರು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನೋಡುವುದು ಕಷ್ಟವಲ್ಲ. ಟೈರಿನ ಅಂಚಿನಲ್ಲಿ ಟಿಡಬ್ಲ್ಯುಐ ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಗೆರೆಯ ಒಳಗೆ ಬೆರಳು ಹಾಕಿದರೆ ತಳದಲ್ಲಿ ಒಂದು ಪುಟ್ಟ ದಿಬ್ಬ ಸಿಗುತ್ತದೆ. ಕಾರು ಟೈರಿನ ಮೇಲ್ಮೈ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ 1.6 ಮಿ.ಮೀ. ಮಾತ್ರ ಉಳಿದಿದೆ ಎಂದರ್ಥ. ಒಳಅಂಚಿಗೂ ಬೆರಳು ಹಾಕಿ ನೋಡಿ. ಅಲೈನ್‌ಮೆಂಟ್ ತಪ್ಪಿದ ಗಾಡಿಯಲ್ಲಿ ಹೊರಅಂಚು ಹೊಸದರಂತೆ ಕಂಡರೂ ಒಳಅಂಚು ಬೋಳಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿಕೆಯ ಗುರುತೂ ಇರುತ್ತದೆ: 2321 ಎಂದಿದ್ದರೆ 2021ರ 23ನೇ ವಾರ. ಓಡದೆ ನಿಂತ ಗಾಡಿಯ ಟೈರಿನ ಗೆರೆ ಆಳವಾಗಿಯೇ ಉಳಿದಿರುತ್ತದೆ, ರಬ್ಬರು ಮಾತ್ರ ಒಣಗಿ ಗಟ್ಟಿಯಾಗಿರುತ್ತದೆ. ಗಟ್ಟಿ ರಬ್ಬರು ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಮನೆಯಲ್ಲಿ ಎರಡು ಮೂರು ಗಾಡಿ ಇದ್ದವರು ಎಡವುವುದು ಇಲ್ಲೇ. "ಅದನ್ನು ಓಡಿಸೋದೇ ಕಡಿಮೆ, ಟೈರು ಚೆನ್ನಾಗೇ ಇದೆ" ಎನ್ನುತ್ತಾರೆ. ಆರು ವರ್ಷ ದಾಟಿದ ಟೈರನ್ನು ತಿಳಿದವರಿಗೆ ತೋರಿಸಬೇಕು. ಹತ್ತು ದಾಟಿದ್ದರೆ ಸವೆಯದಿದ್ದರೂ ತೆಗೆಸಬೇಕು.

ಇನ್ನು ಗಾಳಿ. ನಾಸಾ ಸಂಶೋಧಕರು 1960ರ ದಶಕದಲ್ಲಿ ವಿಮಾನದ ಚಕ್ರಗಳ ಮೇಲೆ ಪ್ರಯೋಗ ಮಾಡಿ, ಟೈರು ಯಾವ ವೇಗದಲ್ಲಿ ನೀರಿನ ಮೇಲೆ ಪೂರ್ತಿ ತೇಲತೊಡಗುತ್ತದೆ ಎಂಬುದಕ್ಕೆ ಒಂದು ಸೂತ್ರ ಕೊಟ್ಟರು. ಅದನ್ನು ಕಿಲೋಮೀಟರಿಗೆ ಇಳಿಸಿದರೆ, ಪಿಎಸ್‌ಐ ಲೆಕ್ಕದ ಗಾಳಿಯ ಒತ್ತಡದ ವರ್ಗಮೂಲವನ್ನು ಸುಮಾರು 16.6ರಿಂದ ಗುಣಿಸಬೇಕು. 36 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 100 ಕಿ.ಮೀ., 25ಕ್ಕೆ ಇಳಿದಿದ್ದರೆ ಸುಮಾರು 83 ಕಿ.ಮೀ. ಟೈರಿನ ಗೆರೆಗಳು ನುಂಗಲಾರದಷ್ಟು ನೀರು ನಿಂತಿದ್ದಾಗಿನ ಲೆಕ್ಕ ಇದು. ಹಿಡಿತ ಸಡಿಲವಾಗುವುದು ಅದಕ್ಕೂ ಮೊದಲೇ ಶುರುವಾಗುತ್ತದೆ. ತಿಂಗಳಿನಿಂದ ಮೂಲೆಯಲ್ಲಿ ನಿಂತ ಗಾಡಿಯಲ್ಲಿ ಗಾಳಿ ತಾನಾಗಿಯೇ ಇಳಿದಿರುತ್ತದೆ. ಮಳೆ ಬಂತೆಂದು ಅದನ್ನೇ ಹೊರಗೆ ತೆಗೆದು ವೇಗವಾಗಿ ಹೊರಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕಾಣುವ ವಿಷಯ. ವೈಪರಿನ ರಬ್ಬರು ಹರಿದು ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದರೆ, ಹೆಡ್‌ಲೈಟಿನ ಕವಚ ಹಳದಿಯಾಗಿದ್ದರೆ, ಎಸಿ ಕೆಟ್ಟು ಒಳಗಿನ ಗಾಜು ಮಬ್ಬಾಗುತ್ತಿದ್ದರೆ ಆ ಗಾಡಿ ಅವತ್ತಿಗೆ ಬೇಡ. ಎಸಿ ತಂಪಿಗೆ ಮಾತ್ರ ಇರುವುದಲ್ಲ. ಅದು ಗಾಳಿಯ ತೇವ ತೆಗೆಯುತ್ತದೆ. ಎಸಿ ಹಾಕಿ, ಬಿಸಿಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಬಿಟ್ಟರೆ ಮಬ್ಬು ಬೇಗ ಬಿಡುತ್ತದೆ. ನಾವು ಬೇರೆಯವರಿಗೆ ಕಾಣಿಸುವುದೂ ಅಷ್ಟೇ ಮುಖ್ಯ. ಬೂದು ಬಣ್ಣದ ಗಾಡಿ ಮಳೆಯಲ್ಲಿ ರಸ್ತೆಯೊಂದಿಗೇ ಕರಗಿಹೋಗುತ್ತದೆ, ಹಗಲಲ್ಲೂ ಲೈಟ್ ಹಾಕಬೇಕು.

ಬ್ರೇಕಿನ ವಿಷಯದಲ್ಲಿ ಎಬಿಎಸ್, ಇಎಸ್‌ಸಿ ಇವೆಯೇ ನೋಡಿ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿಹಿಡಿದು ಜಾರದಂತೆ ತಡೆಯುವುದು ಎಬಿಎಸ್. ಬ್ರೇಕ್ ಒತ್ತಿಕೊಂಡೇ ಸ್ಟಿಯರಿಂಗ್ ತಿರುಗಿಸಲು ಆಗುವುದು ಇದರಿಂದ. ತಿರುವಿನಲ್ಲಿ ಗಾಡಿ ಅಡ್ಡಕ್ಕೆ ತಿರುಗತೊಡಗಿದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ನೆಟ್ಟಗೆ ತರುವುದು ಇಎಸ್‌ಸಿ. ಎರಡು ಕಾರುಗಳಲ್ಲಿ ಟೈರು ಸಮಸಮ ಇದ್ದು ಒಂದರಲ್ಲಿ ಮಾತ್ರ ಇಎಸ್‌ಸಿ ಇದ್ದರೆ ನಾನು ಮರುಯೋಚನೆ ಇಲ್ಲದೆ ಅದನ್ನೇ ತೆಗೆಯುತ್ತೇನೆ, ಅದು ಚಿಕ್ಕದಾಗಿದ್ದರೂ ಸರಿ.

ಸ್ಕೂಟರ್, ಬೈಕು

ಎರಡು ಚಕ್ರದ ಗಾಡಿಗೆ ಮಳೆಯಲ್ಲಿ ಅಪಾಯ ಎಲ್ಲಿದೆ ಎಂದು ಸರಿಯಾಗಿ ಗೊತ್ತಿರಬೇಕು. ಟೈರು ದುಂಡಗೆ, ಅಗಲ ಕಡಿಮೆ ಇರುವುದರಿಂದ ಅದು ನೀರನ್ನು ಸೀಳಿಕೊಂಡು ಹೋಗುತ್ತದೆ, ಕಾರಿನಂತೆ ಸುಲಭವಾಗಿ ತೇಲುವುದಿಲ್ಲ. ಬೀಳಿಸುವುದು ಬೇರೆಯೇ: ರಸ್ತೆಗೆ ಬಳಿದ ಬಿಳಿ ಪಟ್ಟಿ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ರೈಲು ಕಂಬಿ, ಒದ್ದೆ ಎಲೆ. ಬಹಳ ದಿನ ಒಣಗಿದ್ದ ರಸ್ತೆಯ ಮೇಲೆ ಬೀಳುವ ಮೊದಲ ಮಳೆ ಎಲ್ಲಕ್ಕಿಂತ ಕೆಟ್ಟದ್ದು. ಧೂಳು, ಎಣ್ಣೆ, ನೀರು ಸೇರಿ ರಸ್ತೆಗೆ ಲೋಳೆ ಬಳಿದಂತಾಗುತ್ತದೆ. ಜೋರು ಮಳೆ ಅದನ್ನು ತೊಳೆದುಹಾಕುತ್ತದೆ. ತುಂತುರು ಹಾಗೇ ಬಿಡುತ್ತದೆ. "ಬರೀ ಹನಿ ಅಷ್ಟೇ" ಎಂದು ಹೊರಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮನೆಯಲ್ಲಿ ಸ್ಕೂಟರೂ ಬೈಕೂ ಇದ್ದರೆ ಮಳೆಗೆ ಬೈಕೇ ಮೇಲು. ಸ್ಕೂಟರಿನ ಚಕ್ರ ಚಿಕ್ಕದು, ನೀರು ತುಂಬಿ ಮುಚ್ಚಿಹೋದ ಗುಂಡಿಗೆ ಪೂರ್ತಿ ಇಳಿಯುತ್ತದೆ. ಬೈಕಿನ 17, 18 ಇಂಚಿನ ಚಕ್ರ ಅದೇ ಗುಂಡಿಯನ್ನು ದಾಟಿಕೊಳ್ಳುತ್ತದೆ. ಸ್ಕೂಟರಿನ ಬೆಲ್ಟ್ ಇರುವ ಪೆಟ್ಟಿಗೆಗೆ ನೀರು ನುಗ್ಗಿದರೆ ಎಂಜಿನ್ ಓಡುತ್ತಿದ್ದರೂ ಬೆಲ್ಟ್ ಜಾರಿ ಗಾಡಿ ಮುಂದೆ ಹೋಗುವುದಿಲ್ಲ. ಡ್ರಮ್ ಬ್ರೇಕ್ ಇದ್ದರೆ ಇನ್ನೊಂದು ತೊಂದರೆ: ನೀರು ದಾಟಿದ ಕೂಡಲೇ ಬ್ರೇಕ್ ಹಿಡಿದರೆ ಏನೂ ಹಿಡಿದಂತೆ ಆಗುವುದಿಲ್ಲ. ನಿಧಾನಕ್ಕೆ ಹೋಗುತ್ತಾ, ಬ್ರೇಕನ್ನು ಹಗುರವಾಗಿ ಒತ್ತಿ ಬಿಟ್ಟು ಮಾಡುತ್ತಿದ್ದರೆ ಒಳಗೆ ಒಣಗಿ, ಸಣ್ಣ ಕಿರುಗುಟ್ಟುವಿಕೆಯೊಂದಿಗೆ ಹಿಡಿತ ಬರುತ್ತದೆ. ಅದು ಬರುವ ತನಕ ವೇಗ ಏರಿಸಬೇಡಿ. ಡಿಸ್ಕ್ ಬ್ರೇಕ್ ಬೇಗ ಒಣಗುತ್ತದೆ.

ಒಬ್ಬರೇ, ಹಗಲು ಹೊತ್ತು, ದಿನಾ ಓಡಾಡುವ ಹತ್ತಿರದ ದಾರಿ, ಸಾಧಾರಣ ಮಳೆ: ಇಷ್ಟಾದರೆ ಎರಡು ಚಕ್ರ ಸಾಕು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಮುಂದೆ ದಾರಿ ಮುಚ್ಚಿದ್ದರೆ ನಿಂತಲ್ಲೇ ತಿರುಗಿಸಿಕೊಂಡು ಬರಬಹುದು. ಗುಡುಗು, ಆಲಿಕಲ್ಲು, ಬಿರುಗಾಳಿ, ಕತ್ತಲು, ಹಿಂದೆ ಮಗು ಅಥವಾ ವಯಸ್ಸಾದವರು, ಇದರಲ್ಲಿ ಒಂದಿದ್ದರೂ ಬೇಡ. ಹಿಂದೆ ಕೂತವರು ಕೊಡೆ ಬಿಚ್ಚಿದರೆ ಅದು ಹಾಯಿಯಂತೆ ಗಾಳಿ ಹಿಡಿದು ಗಾಡಿಯನ್ನೇ ಎಳೆಯುತ್ತದೆ.

ಸಣ್ಣ ಕಾರು

ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಮುಂದೆ ಇದ್ದು ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತವೆ. ಎಂಜಿನ್ನಿನ ಭಾರ ಎಳೆಯುವ ಚಕ್ರಗಳ ಮೇಲೆಯೇ ಬೀಳುವುದರಿಂದ ಒದ್ದೆ ಏರಿನಲ್ಲೂ ಒಳ್ಳೆಯ ಹಿಡಿತ. ಟೈರು ಕಿರಿದು, ಅಗಲ ಟೈರಿಗಿಂತ ಚೆನ್ನಾಗಿ ನೀರನ್ನು ಸೀಳುತ್ತದೆ. ಇಕ್ಕಟ್ಟಿನಲ್ಲಿ ಗಾಡಿಯ ನಾಲ್ಕು ಮೂಲೆ ಎಲ್ಲಿವೆ ಎಂದು ಗೊತ್ತಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ದಿನಾ ಓಡಿಸುವ ಗಾಡಿ ಸಾಮಾನ್ಯವಾಗಿ ಇದೇ. ಬ್ರೇಕ್ ಎಲ್ಲಿ ಹಿಡಿಯುತ್ತದೆ, ಎಷ್ಟು ಒತ್ತಿದರೆ ಜಾರುತ್ತದೆ ಎಂದು ಕಾಲಿಗೆ ಗೊತ್ತಿರುತ್ತದೆ. ವೈಪರ್ ಗುಂಡಿ ಹುಡುಕಲು ಕಣ್ಣು ಕೆಳಗೆ ಹೋಗುವುದಿಲ್ಲ.

ಕೊರತೆ ಎರಡು. ನೆಲದಿಂದ ಎತ್ತರ ಕಡಿಮೆ, ಮೈ ಹಗುರ. ನಿಂತ ನೀರು ಮತ್ತು ಅಡ್ಡಗಾಳಿ ಎರಡಕ್ಕೂ ಬೇಗ ಸೋಲುತ್ತದೆ. ತುಂಬಾ ಹಳೆಯದಾದರೆ ಎಬಿಎಸ್ ಕೂಡ ಇಲ್ಲದಿರಬಹುದು. ನೀರು ನಿಲ್ಲದ ರಸ್ತೆಯಲ್ಲಿ, ಒಳ್ಳೆಯ ಟೈರು ಹಾಕಿದ ಸಣ್ಣ ಕಾರು ಬೋಳು ಟೈರಿನ ಎಂಥ ದೊಡ್ಡ ಗಾಡಿಗಿಂತಲೂ ವಾಸಿ.

ಸೆಡಾನ್ ವಿಷಯದಲ್ಲಿ ಬೇರೆ ಹೇಳಬೇಕಾದದ್ದು ಕಡಿಮೆ. ಹೆದ್ದಾರಿಯಲ್ಲಿ ಗಾಳಿಗೆ ಅಲುಗದೆ ಕೂತು ಹೋಗುತ್ತದೆ. ಮೂಗು ತಗ್ಗು, ಉದ್ದ ಜಾಸ್ತಿಯಾದ್ದರಿಂದ ಗುಂಡಿ, ನೀರಿನ ದಾರಿಗೆ ಸಣ್ಣ ಕಾರಿಗಿಂತಲೂ ಕಷ್ಟ. ಹಿಂದಿನ ಚಕ್ರ ತಳ್ಳುವ ಸೆಡಾನ್ ಆಗಿದ್ದರೆ ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹಿಂಭಾಗ ಹೊರಕ್ಕೆ ಜಾರಬಹುದು.

ಎಸ್‌ಯುವಿ ಮತ್ತು ನಾಲ್ಕೂ ಚಕ್ರ ಎಳೆಯುವ ಗಾಡಿ

ಎತ್ತರದ ಸೀಟಿನಿಂದ ಮುಂದೆ ಏನಾಗುತ್ತಿದೆ ಎಂದು ಮೊದಲೇ ಕಾಣುತ್ತದೆ. ಕಲ್ಲು, ಗುಂಡಿ ತಾಗುವುದಿಲ್ಲ. ಕೆಸರಿನ ದಾರಿ, ಜಾರುವ ಏರು ಇದ್ದರೆ ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಸಾಟಿ ಇಲ್ಲ. ಮೊದಲು ನಿಮ್ಮ ಎಸ್‌ಯುವಿಯಲ್ಲಿ ಆ ವ್ಯವಸ್ಥೆ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ನೋಡಲು ಎತ್ತರವಾಗಿದ್ದು ಎರಡೇ ಚಕ್ರ ಎಳೆಯುವ ಎಸ್‌ಯುವಿಗಳು ಬೇಕಾದಷ್ಟಿವೆ. ಲಿವರ್ ಹಾಕಿ 4ಎಚ್‌ಗೆ, ಎಂದರೆ ನಾಲ್ಕೂ ಚಕ್ರದ ಎಳೆತಕ್ಕೆ, ಬದಲಿಸುವ ಹಳೆ ಮಾದರಿಯಾದರೆ, ಸಾಮಾನ್ಯವಾಗಿ ಅದನ್ನು ಜಾರುವ ನೆಲದಲ್ಲಿ ಮಾತ್ರ ಬಳಸಬೇಕು. ಒಣ ಡಾಂಬರಿನ ಮೇಲೆ ಬಳಸಿದರೆ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ಜಗ್ಗಿ ಗೇರುಗಳಿಗೆ ಪೆಟ್ಟಾಗುತ್ತದೆ.

ನಾಲ್ಕು ಚಕ್ರದ ಎಳೆತ ಗಾಡಿ ಹೊರಡಲು ನೆರವಾಗುತ್ತದೆ, ನಿಲ್ಲಲು ಅಲ್ಲ. ಯಾವ ಕಾರಾದರೂ ಬ್ರೇಕು ನಾಲ್ಕು ಚಕ್ರಕ್ಕೂ ಇದ್ದೇ ಇರುತ್ತದೆ. ಹಾಗಾಗಿ ಬ್ರೇಕ್ ಒತ್ತಿದ ಕ್ಷಣದಲ್ಲಿ ಎಸ್‌ಯುವಿಗೆ ಯಾವ ಮೇಲುಗೈಯೂ ಇಲ್ಲ. ಒದ್ದೆ ರಸ್ತೆಯಲ್ಲಿ ಮುಂದಿನ ಗಾಡಿಗೆ ಎರಡು ಪಟ್ಟು ಅಂತರ ಬಿಡಬೇಕು ಎಂಬ ಮಾತು ಇದಕ್ಕೂ ಅನ್ವಯಿಸುತ್ತದೆ. ಸುಲಭವಾಗಿ ಹೊರಟು, ಸುಲಭವಾಗಿ ವೇಗ ಪಡೆಯುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎಂಬ ಸೂಚನೆ ಓಡಿಸುವವರಿಗೆ ಸಿಗುವುದೇ ಇಲ್ಲ. ಮೊದಲ ಸೂಚನೆ ಬ್ರೇಕ್ ಒತ್ತಿದಾಗಲೇ. ಎತ್ತರದ ಮೈ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಅಡ್ಡಗಾಳಿಗೂ ಹೆಚ್ಚು ಸಿಕ್ಕುತ್ತದೆ.

ಈಗ ನೀರಿನ ಆಳ. "ನನ್ನ ಗಾಡಿ ಎತ್ತರ ಇದೆ, ದಾಟುತ್ತೆ" ಎಂಬ ಮಾತನ್ನು ಒಂದು ಲೆಕ್ಕ ಹಾಕಿ ನೋಡೋಣ. ಸಣ್ಣ ಕಾರಿನ ತಳದ ವಿಸ್ತಾರ ಸುಮಾರು ಆರು ಚದರ ಮೀಟರ್ ಎಂದುಕೊಳ್ಳಿ. ನೀರು ತಳವನ್ನು ಮುಟ್ಟಿದ ಮೇಲೆ ಪ್ರತಿ 10 ಸೆಂ.ಮೀ. ಏರಿಕೆಗೂ 600 ಲೀಟರ್ ನೀರನ್ನು ಕಾರು ಪಕ್ಕಕ್ಕೆ ಸರಿಸುತ್ತದೆ, ಎಂದರೆ 600 ಕೆ.ಜಿ. ಭಾರವನ್ನು ನೀರು ಮೇಲಕ್ಕೆ ಎತ್ತುತ್ತದೆ. ಕಾರಿನ ತೂಕ 1,000 ಕೆ.ಜಿ. ಆದರೆ ತಳದಿಂದ 17 ಸೆಂ.ಮೀ. ಮೇಲೆ ಬರುವಷ್ಟರಲ್ಲಿ ಅದು ತೇಲುತ್ತದೆ. ನೆಲದಿಂದ ತಳಕ್ಕೆ 17 ಸೆಂ.ಮೀ. ಸೇರಿಸಿದರೆ ಒಟ್ಟು 34. ಎಸ್‌ಯುವಿಗೆ ತಳ ಏಳೂವರೆ ಚದರ ಮೀಟರ್, ತೂಕ 1,900 ಕೆ.ಜಿ., ನೆಲದಿಂದ ಎತ್ತರ 20 ಸೆಂ.ಮೀ. ಎಂದು ಹಿಡಿಯಿರಿ. ಅದು ತೇಲುವುದು ಸುಮಾರು 45ಕ್ಕೆ. ವ್ಯತ್ಯಾಸ 11 ಸೆಂ.ಮೀ., ಅರ್ಧ ಗೇಣು! ಒಳಗೆ ನೀರು ಸೋರಿದರೆ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು. ಆದರೆ ಪೂರ್ತಿ ತೇಲುವವರೆಗೆ ಕಾಯಬೇಕಾಗಿಲ್ಲ, ಭಾರ ಕಡಿಮೆಯಾಗುತ್ತಿದ್ದಂತೆ ಟೈರಿನ ಹಿಡಿತವೂ ಹೋಗುತ್ತದೆ. ಹರಿಯುವ ನೀರಾದರೆ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. 30 ಸೆಂ.ಮೀ. ಹರಿಯುವ ನೀರು ಹೆಚ್ಚಿನ ಕಾರುಗಳನ್ನು ಕೊಂಡೊಯ್ಯಬಲ್ಲದು, 60 ಸೆಂ.ಮೀ. ಆದರೆ ಎಸ್‌ಯುವಿ, ಪಿಕಪ್‌ಗಳನ್ನೂ ಒಯ್ಯಬಲ್ಲದು ಎಂದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಎಚ್ಚರಿಸುತ್ತದೆ. ಹರಿಯುವ ನೀರಿಗೆ ಇಳಿಯಬಲ್ಲ ಗಾಡಿ ಯಾರ ಮನೆಯಲ್ಲೂ ಇಲ್ಲ ಎಂದೇ ತಿಳಿಯಿರಿ.

ನಿಂತ ನೀರಾದರೆ, ತಳದ ನೆಲ ಕಾಣುತ್ತಿದ್ದು ಚಕ್ರದ ಅರ್ಧಕ್ಕಿಂತ ಬಹಳ ಕೆಳಗೆ ಇದ್ದರೆ ಮಾತ್ರ ನಾನು ಇಳಿಯುತ್ತೇನೆ. ಮೊದಲ ಗೇರು, ಒಂದೇ ಸಮನೆ ಆಕ್ಸಿಲರೇಟರ್, ನಡಿಗೆಯ ವೇಗ. ಎದುರಿನಿಂದ ಲಾರಿ ಬರುತ್ತಿದ್ದರೆ ಅದು ದಾಟುವ ತನಕ ಕಾಯುತ್ತೇನೆ, ಅದು ಎಬ್ಬಿಸುವ ಅಲೆ ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಏರಬಹುದು. ನೀರಿನಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಸಿಲಿಂಡರಿನೊಳಗೆ ನೀರಿದ್ದು ಪಿಸ್ಟನ್ ಮೇಲೆ ಬಂದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಬಿಚ್ಚಲೇಬೇಕಾಗುತ್ತದೆ. ಎಲ್ಲರನ್ನೂ ಇಳಿಸಿ, ತಳ್ಳಿ ಹೊರಗೆ ತಂದು, ಮೆಕ್ಯಾನಿಕ್ ನೋಡುವ ತನಕ ಕೀ ಮುಟ್ಟಬೇಡಿ. ನೀರು ಏರುತ್ತಿದ್ದರೆ ತಳ್ಳಲೂ ನಿಲ್ಲಬೇಡಿ, ಗಾಡಿ ಬಿಟ್ಟು ಎತ್ತರದ ಜಾಗಕ್ಕೆ ಹೋಗಿ.

ವ್ಯಾನು, ಪಿಕಪ್

ಖಾಲಿ ಪಿಕಪ್‌ನ ಹಿಂಭಾಗ ಹಗುರ. ಹಿಂದಿನ ಚಕ್ರ ತಳ್ಳುವ ಮಾದರಿಯಾದರೆ ಒದ್ದೆಯಲ್ಲಿ ಬಾಲ ಅಲ್ಲಾಡಿಸುತ್ತದೆ. ಸ್ವಲ್ಪ ಭಾರ ಹಾಕಿ, ಹಿಂದಿನ ಚಕ್ರಗಳ ನೇರಕ್ಕೆ ತಗ್ಗಿನಲ್ಲಿ ಬಿಗಿದು ಕಟ್ಟಿದರೆ ಹಿಡಿತ ಸುಧಾರಿಸುತ್ತದೆ. ವ್ಯಾನಿನ ಎತ್ತರದ ಪಕ್ಕೆಗೆ ಗಾಳಿ ಹೊಡೆದರೆ ಸೇತುವೆಯ ಮೇಲೆ ಒಂದು ಅಡಿ ಪಕ್ಕಕ್ಕೆ ಸರಿದುಬಿಡುತ್ತದೆ. ಬೇರೆ ಗಾಡಿ ಇದ್ದರೆ ಹವೆ ಕೆಟ್ಟ ದಿನ ಇವೆರಡನ್ನೂ ಮನೆಯಲ್ಲೇ ಬಿಡಿ.

ಎಲೆಕ್ಟ್ರಿಕ್ ಕಾರು

"ಮಳೆಯಲ್ಲಿ ಕರೆಂಟ್ ಹೊಡೆಯಲ್ವಾ?" ಎಂಬ ಭಯ ಇನ್ನೂ ಹೋಗಿಲ್ಲ. ಮಳೆಯಲ್ಲಿ ಓಡಿಸಲು ಏನೂ ಅಡ್ಡಿಯಿಲ್ಲ. ಬಹಳಷ್ಟು ಕಾರುಗಳ ಬ್ಯಾಟರಿ ಪೆಟ್ಟಿಗೆ ಐಪಿ67 ಮಟ್ಟದ್ದು. ಪರೀಕ್ಷೆಯಲ್ಲಿ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟರೂ ಒಳಗೆ ನೀರು ಹೋಗಬಾರದು ಎಂಬುದು ಅದರ ಅರ್ಥ. ಅದು ಪರೀಕ್ಷೆಯ ಮಾತು, ಕಾರು ಅಷ್ಟು ನೀರಿಗಿಳಿಯಬಹುದು ಎಂಬ ಅನುಮತಿಯಲ್ಲ. ಗಾಳಿ ಎಳೆದುಕೊಳ್ಳುವ ಎಂಜಿನ್ ಇಲ್ಲದ್ದರಿಂದ ನೀರು ಕುಡಿದು ಎಂಜಿನ್ ಒಡೆಯುವ ಭಯವಿಲ್ಲ. ಆದರೆ ತೇಲುವ ಲೆಕ್ಕ ಇದಕ್ಕೂ ಒಂದೇ.

ಗಮನಿಸಬೇಕಾದದ್ದು ಮೂರು. ಕಾಲು ಇಟ್ಟ ತಕ್ಷಣ ಪೂರ್ತಿ ಶಕ್ತಿ ಬರುವುದರಿಂದ ಒದ್ದೆಯಲ್ಲಿ ಚಕ್ರ ಬೇಗ ಜಾರುತ್ತದೆ, ಇಕೋ ಮೋಡ್ ಹಾಕಿ. ಕಾಲು ಎತ್ತಿದಾಗ ತಾನಾಗಿ ಬ್ರೇಕ್ ಹಿಡಿಯುವ ರೀಜನ್ ಜಾರುವ ರಸ್ತೆಯಲ್ಲಿ ಎಳೆಯುವ ಚಕ್ರಗಳನ್ನೇ ಜಾರಿಸಬಹುದು, ಅದನ್ನು ಕಡಿಮೆ ಮಾಡಿಕೊಳ್ಳಿ. ಚಳಿ ಹೆಚ್ಚಿದ್ದು ಹೀಟರ್ ಓಡುತ್ತಿದ್ದರೆ ಕಾರು ಹೋಗುವ ದೂರ ಗಣನೀಯವಾಗಿ ಇಳಿಯುತ್ತದೆ. ಬಿರುಗಾಳಿಗೆ ಕರೆಂಟ್ ಹೋಗಿ ಚಾರ್ಜಿಂಗ್ ಸಿಗದಿರಬಹುದು. ಹಾಗಾಗಿ ಹವೆ ಕೆಡುವ ಸೂಚನೆ ಬಂದ ರಾತ್ರಿಯೇ ಚಾರ್ಜ್ ತುಂಬಿಸಿಟ್ಟಿದ್ದರೆ ಈ ಕಾರು ಒಳ್ಳೆಯ ಆಯ್ಕೆ. ಪ್ರವಾಹದಲ್ಲಿ, ಅದರಲ್ಲೂ ಉಪ್ಪುನೀರಿನಲ್ಲಿ ಮುಳುಗಿದ ಎಲೆಕ್ಟ್ರಿಕ್ ಗಾಡಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಅದನ್ನು ಮನೆಗೆ ತಾಗಿಸಿ ನಿಲ್ಲಿಸಬೇಡಿ.

ಮಂಜು, ಗುಡುಗು, ಹಿಮ

ಮಂಜಿನಲ್ಲಿ ಗಾಡಿಯ ಶಕ್ತಿ ಲೆಕ್ಕಕ್ಕಿಲ್ಲ, ಲೈಟೇ ಎಲ್ಲ. ತಗ್ಗಿನಲ್ಲಿ ಫಾಗ್ ಲ್ಯಾಂಪ್ ಇರುವ, ಹಿಂದೆ ಕೆಂಪು ಫಾಗ್ ಲೈಟ್ ಇರುವ ಗಾಡಿ ಯಾವುದೋ ಅದು. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಗುಡುಗು ಸಿಡಿಲಿಗೆ ಲೋಹದ ಮೈಯ, ಮೇಲೆ ಗಟ್ಟಿ ಚಾವಣಿಯ ಮುಚ್ಚಿದ ಕಾರು ಯಾವುದಾದರೂ ಸರಿ. ಸಿಡಿಲಿನ ವಿದ್ಯುತ್ತು ಹೊರಮೈಯ ಮೂಲಕ ನೆಲಕ್ಕೆ ಇಳಿಯುತ್ತದೆ. ಬಟ್ಟೆಯ ಚಾವಣಿಯ ಗಾಡಿಗೂ ಬೈಕಿಗೂ ಆ ರಕ್ಷಣೆ ಇಲ್ಲ.

ಹಿಮ ಬೀಳುವ ಕಡೆ ಇರುವವರಿಗೆ ಟೈರಿನ ಮಾತು ಇನ್ನೂ ಖಡಕ್ಕಾಗಿ ಅನ್ವಯಿಸುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಬಿಗಿಯಾಗುತ್ತದೆ, ಚಳಿಗಾಲದ ಟೈರು ಮೆತ್ತಗೇ ಇರುತ್ತದೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇದ್ದರೆ ಅದು ಹಿಮದ ಪರೀಕ್ಷೆ ಪಾಸಾದ ಟೈರು. ಗಟ್ಟಿ ಹಿಮದ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಗಿಂತ ಹತ್ತು ಪಟ್ಟು ದೂರ ಬೇಕಾಗಬಹುದು. ಬೇಸಿಗೆ ಟೈರಿನ ಎಸ್‌ಯುವಿ, ಚಳಿಗಾಲದ ಟೈರಿನ ಸಣ್ಣ ಕಾರು ಎರಡೂ ಇದ್ದರೆ ಸಣ್ಣ ಕಾರೇ ತೆಗೆಯಿರಿ.

ಯಾರಿಗೆ ಯಾವುದು

ದಿನಾ ಕೆಲಸಕ್ಕೆ ಹೋಗಲೇಬೇಕಾದವರು, ದಾರಿ ಡಾಂಬರು, ನೀರು ನಿಲ್ಲುವುದಿಲ್ಲ: ಒಳ್ಳೆಯ ಟೈರಿನ ಸಣ್ಣ ಕಾರು. ದಾರಿಯಲ್ಲಿ ಕೆಸರು, ಏರು, ಕಿತ್ತುಹೋದ ರಸ್ತೆ ಇದ್ದರೆ ಎಸ್‌ಯುವಿ, ಅದರ ಟೈರು ನೋಡಿದ ಮೇಲೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇಎಸ್‌ಸಿ, ಏರ್‌ಬ್ಯಾಗ್ ಇರುವ ಹೊಸ ಗಾಡಿಗೇ ಮೊದಲ ಮಣೆ, ಮೈ ಕೆಸರಾಗುತ್ತದೆ ಎಂದು ಅದನ್ನು ಒಳಗಿಟ್ಟು ಹಳೆಯದನ್ನು ತೆಗೆಯಬೇಡಿ. ಇದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಹಿಂಡುತ್ತದೆ. ಗಾಡಿ ತೊಳೆಯಬಹುದು.

ಈಗಷ್ಟೇ ಕಲಿತ ಮಗನೋ ಮಗಳೋ ಓಡಿಸಬೇಕಾದರೆ, ಅವರು ಕಲಿತ ಗಾಡಿಯನ್ನೇ ಕೊಡಿ. ಜೋರು ಮಳೆಯಲ್ಲಿ ದೊಡ್ಡ ಗಾಡಿಯ ಅಗಲ, ಹೊಸ ಕ್ಲಚ್ಚು, ಬೇರೆ ಜಾಗದ ಸ್ವಿಚ್ಚು ಎಲ್ಲವನ್ನೂ ಒಟ್ಟಿಗೆ ಹೊರಿಸಿದರೆ ಗಮನ ರಸ್ತೆಯ ಮೇಲೆ ಉಳಿಯುವುದಿಲ್ಲ.

ಕೈಯಲ್ಲಿ ಹಣ ಕಡಿಮೆ ಇದ್ದರೆ ಎಲ್ಲ ಗಾಡಿಯನ್ನೂ ಸರಿಮಾಡಲು ಹೋಗಬೇಡಿ. ಒಂದನ್ನು ಆರಿಸಿ, ಅದಕ್ಕೆ ನಾಲ್ಕು ಟೈರು, ಎರಡು ವೈಪರ್ ಬ್ಲೇಡ್, ಒಮ್ಮೆ ಬ್ರೇಕ್ ಪರೀಕ್ಷೆ. ಎರಡೇ ಟೈರಿಗೆ ಸಾಕಾಗುವಷ್ಟು ಹಣವಿದ್ದರೆ ಹೊಸವನ್ನು ಹಿಂದಕ್ಕೆ ಹಾಕಿಸಿ, ಎಂಜಿನ್ ಎಳೆಯುವುದು ಮುಂದಿನ ಚಕ್ರವಾದರೂ. ಮುಂದಿನ ಚಕ್ರ ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ವೇಗ ಇಳಿಸಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಬುಗುರಿಯಂತೆ ತಿರುಗುತ್ತದೆ, ಅದನ್ನು ನೆಟ್ಟಗೆ ತರುವುದು ಪಳಗಿದ ಕೈಗೂ ಕಷ್ಟ. ವಿಮೆ ಇದೆಯಲ್ಲ ಎಂದು ನೀರಿಗಿಳಿಯುವ ಮುನ್ನ, ನೀರು ನುಗ್ಗಿ ಕೆಟ್ಟ ಎಂಜಿನ್ನಿಗೆ ನಿಮ್ಮ ಪಾಲಿಸಿ ಹಣ ಕೊಡುತ್ತದೆಯೇ ಎಂದು ಮನೆಯಲ್ಲಿ ಕೂತೇ ಓದಿ. ಅದಕ್ಕೆ ಪ್ರತ್ಯೇಕ ಕಂತು ಕಟ್ಟಬೇಕಾದ ಪಾಲಿಸಿಗಳಿವೆ.

ಯಾವ ಗಾಡಿಯೂ ಬೇಡ ಎನ್ನುವುದೂ ಒಂದು ಆಯ್ಕೆ, ಅದನ್ನೂ ಕೀಗಳ ಜೊತೆಗೇ ಎಣಿಸಬೇಕು. ಎರಡು ಗಂಟೆ ತಡವಾಗಿ ಹೊರಟರೆ ನೀರು ಇಳಿದಿರುತ್ತದೆ, ಮಂಜು ಕರಗಿರುತ್ತದೆ. ಬಹಳಷ್ಟು ಕೆಲಸಗಳು ಆ ಎರಡು ಗಂಟೆಯನ್ನು ತಡೆಯುತ್ತವೆ.

ಆ ಸಂಜೆಯ ನಂತರ ಕೀ ನೇತುಹಾಕುವ ಮೊಳೆಗಳ ಮೇಲೆ ನಾವು ಒಂದು ಚೀಟಿ ಅಂಟಿಸುತ್ತಿದ್ದೇವೆ. ತಿಂಗಳಿಗೊಮ್ಮೆ ಮಗಳೇ ಬಗ್ಗಿ ಪ್ರತಿ ಟೈರಿನ ಗೆರೆಗೆ ಅಳತೆ ಕಡ್ಡಿ ಹಾಕುತ್ತಾಳೆ, ಗಾಳಿ ನೋಡುತ್ತಾಳೆ, ಪೆನ್ಸಿಲಿನಲ್ಲಿ ಬರೆಯುತ್ತಾಳೆ. ಎಸ್‌ಯುವಿಗೆ ಹೊಸ ಟೈರು ಬಂದಿದೆ, ಈ ತಿಂಗಳ ಚೀಟಿಯಲ್ಲಿ ಅದು 7 ಮಿ.ಮೀ. ಸಣ್ಣ ಕಾರು ದಿನಾ ಓಡಿ ಓಡಿ 3ಕ್ಕೆ ಬಂದಿದೆ, ಅದರ ಹೆಸರಿನ ಮುಂದೆ ಅವಳು ಕೆಂಪು ಚುಕ್ಕೆ ಇಟ್ಟಿದ್ದಾಳೆ. ಸಣ್ಣ ಕಾರಿಗೆ ಟೈರು ಬರುವ ತನಕ, ಮಳೆ ಬಂದರೆ ನಾವು ತೆಗೆಯುವುದು ಎಸ್‌ಯುವಿಯನ್ನೇ.